ಕೊಲೆಗಾರನ ಹೆಸರಿಗೆ ಪೂರ್ಣ ಅಂಕ

ಸಾರಾಂಶ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕೃಷ್ಣಮೂರ್ತಿಪುರಂನಲ್ಲಿ ಯಾರೂ ಇರಲಿಲ್ಲ. ಇದು ಜಂಬದ ಮಾತಲ್ಲ. ಆಗ ನಾನು ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೆ. 'ಈ ಪಾಠದ ಸಾರಾಂಶವನ್ನು ನಿಮ್ಮ ಸ್ವಂತ ವಾಕ್ಯಗಳಲ್ಲಿ ಬರೆಯಿರಿ' ಎಂಬ ಪ್ರಶ್ನೆಯ ಉತ್ತರಗಳನ್ನು ಎಷ್ಟು ತಿದ್ದಿದ್ದೆನೆಂದರೆ, ಮನೆಗೆ ಬಂದ ನೆಂಟರು ಸ್ವಲ್ಪ ಉದ್ದಕ್ಕೆ ಮಾತಾಡಿದರೂ ನನ್ನ ಬಲಗೈ ತಾನಾಗಿಯೇ ಕೆಂಪು ಪೆನ್ನು ಹುಡುಕುತ್ತಿತ್ತು. ನನ್ನ ನಿಯಮ ಸರಳ. ಆರಂಭ ಇರಬೇಕು, ನಡುವಿನ ಮುಖ್ಯ ಘಟನೆಗಳು ಇರಬೇಕು, ಮುಕ್ತಾಯ ಇರಲೇಬೇಕು. ಮುಕ್ತಾಯ ಬರೆಯದವರಿಗೆ ಐದರಲ್ಲಿ ಎರಡೇ ಅಂಕ. ಅತ್ತರೂ ಎರಡೇ!

ನಮ್ಮ ಎದುರು ಮನೆಯ ಮಹದೇವಪ್ಪನವರಿಗೆ ಇದು ಗೊತ್ತಿತ್ತು. ಅವರ ಮಗಳು ನನ್ನ ಕೈಯಲ್ಲಿ ಎರಡು ಅಂಕ ಪಡೆದವಳೇ. ಮಹದೇವಪ್ಪನವರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಅದರ ಮಹಡಿಯ ಮೇಲೆ 'ಹೊಸಪರದೆ' ಎಂಬ ನಾಟಕ ತಂಡ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಬಟ್ಟೆ ಮಹಡಿ ಹತ್ತಿ ರಾಜನ ಅಂಗಿಯೋ ಪರದೆಯೋ ಆಗುತ್ತಿತ್ತು. ಆ ವರ್ಷ ಅವರು ಒಂದು ಭಾನುವಾರ ಬೆಳಿಗ್ಗೆ ಮೂರು ಕಟ್ಟು ಹಾಳೆ ಹಿಡಿದು ನಮ್ಮ ಮನೆಗೆ ಬಂದರು.

"ಮೇಡಂ, ಈ ಸಲ ಬಿಡಿಬಿಡಿಯಾಗಿ ನಾಟಕ ಆಡಲ್ಲ. ರಂಗಋತು ಅಂತ ಮಾಡ್ತಿದೀವಿ. ಮೂರು ತಿಂಗಳು, ಮೂರು ನಾಟಕ. ದೊಡ್ಡ ದೊಡ್ಡ ತಂಡದೋರೆಲ್ಲ ಅಂಗೇ ಮಾಡೋದಂತೆ. ಮೊದಲೇ ಒಂದು ಪುಟ್ಟ ಪುಸ್ತಕ ಅಚ್ಚು ಹಾಕ್ಸಿ ಹಂಚಿಬಿಟ್ರೆ ಜನ ಕ್ಯಾಲೆಂಡರಿನಲ್ಲಿ ಗುರ್ತು ಮಾಡ್ಕೊಂಡು ಬರ್ತಾರೆ."

"ಒಳ್ಳೆ ಯೋಚನೆ," ಎಂದೆ.

"ಒಂದೊಂದು ನಾಟಕದ ಬಗ್ಗೆ ಹತ್ತು ಹನ್ನೆರಡು ಸಾಲು ನೀವು ಬರ್ಕೊಡ್ಬೇಕು. ಓದಿದ ತಕ್ಷಣ ಜನಕ್ಕೆ ನಾಟಕ ಏನು ಅಂತ ಗೊತ್ತಾಗಿಬಿಡ್ಬೇಕು."

ಈ ಕೊನೆಯ ವಾಕ್ಯವನ್ನು ಅವರೇ, ಅವರ ಬಾಯಿಂದಲೇ, ನಮ್ಮ ಮನೆಯ ಕಾಫಿ ಕುಡಿಯುತ್ತಾ ಹೇಳಿದರು. ನನ್ನ ಯಜಮಾನರು ನಂಜುಂಡಸ್ವಾಮಿ ಅಲ್ಲೇ ಕೂತು ಪೇಪರ್ ಓದುತ್ತಿದ್ದರು. ಸಾಕ್ಷಿಯಿದೆ.

ನಾನು ಮೂರೂ ನಾಟಕಗಳನ್ನು ಎರಡೆರಡು ಸಲ ಓದಿದೆ. ಮೊದಲನೆಯದು 'ಬಾದಾಮಿ ಹಾಲು'. ಶ್ರೀಮಂತನೊಬ್ಬ ಬಾದಾಮಿ ಹಾಲು ಕುಡಿದು ಸಾಯುತ್ತಾನೆ. ಮನೆಯಲ್ಲಿ ಹೆಂಡತಿ, ಡಾಕ್ಟರು ಮತ್ತು ಹದಿನೈದು ವರ್ಷಗಳಿಂದ ಗಾಲಿಕುರ್ಚಿಯಲ್ಲಿರುವ ತಮ್ಮ ರಘುನಾಥ. ಇನ್‌ಸ್ಪೆಕ್ಟರ್ ಬಂದು ಎಲ್ಲರನ್ನೂ ಪ್ರಶ್ನಿಸುತ್ತಾರೆ. ಎರಡನೆಯದು ಹಾಸ್ಯ, ಮೂರನೆಯದು ಕೋಟೆ ಕತ್ತಿಗಳಿರುವ ಐತಿಹಾಸಿಕ. ಒಂದೇ ಮಧ್ಯಾಹ್ನದಲ್ಲಿ ಮೂರರ ಸಾರಾಂಶವನ್ನೂ ಮುಗಿಸಿದೆ. 'ಬಾದಾಮಿ ಹಾಲು' ಬಗ್ಗೆ ಬರೆದದ್ದರ ಕೊನೆಯ ಭಾಗ ಹೀಗಿತ್ತು:

'ಇತ್ತ ಎಲ್ಲರ ಅನುಕಂಪಕ್ಕೆ ಪಾತ್ರನಾಗಿದ್ದ ತಮ್ಮ ರಘುನಾಥನು ವಾಸ್ತವವಾಗಿ ನಡೆಯಬಲ್ಲವನಾಗಿದ್ದು, ಅಣ್ಣನ ಹಾಲಿಗೆ ವಿಷ ಬೆರೆಸಿದ ಕೊಲೆಗಾರ ಅವನೇ ಎಂಬುದನ್ನು ಇನ್‌ಸ್ಪೆಕ್ಟರರು ಪತ್ತೆಹಚ್ಚುತ್ತಾರೆ. ರಘುನಾಥನು ಗಾಲಿಕುರ್ಚಿಯಿಂದ ಎದ್ದು ನಿಂತು ತಪ್ಪೊಪ್ಪಿಕೊಳ್ಳುವಲ್ಲಿಗೆ ನಾಟಕವು ಮುಕ್ತಾಯವಾಗುತ್ತದೆ. ನೀತಿ: ಅಣ್ಣತಮ್ಮಂದಿರು ಹೊಂದಿಕೊಂಡು ಬಾಳಬೇಕು.'

ಆರಂಭ, ನಡುವೆ, ಮುಕ್ತಾಯ. ಜೊತೆಗೆ ನೀತಿ! ಒಂದು ಅಕ್ಷರ ತೆಗೆಯುವಂತಿರಲಿಲ್ಲ, ಸೇರಿಸುವಂತಿರಲಿಲ್ಲ. ಮಹದೇವಪ್ಪನವರಿಗೆ ಕೊಟ್ಟೆ. ಅವರು ಹಾಳೆಗಳನ್ನು ಕಣ್ಣಿಗೊತ್ತಿಕೊಂಡು, "ನೀವು ಬರೆದಮೇಲೆ ನಾನು ಓದೋದೇನಿದೆ ಮೇಡಂ," ಎಂದು ನೇರವಾಗಿ ಅಚ್ಚಿನ ಮನೆಗೆ ಕಳಿಸಿಬಿಟ್ಟರು.

ಕರಡು ತಿದ್ದುವುದಕ್ಕೂ ನಾನೇ ಹೋದೆ. ಒಂದು ಕಡೆ 'ಕೋಲೆಗಾರ' ಎಂದಾಗಿತ್ತು. ಹೌಹಾರಿದೆ. ದೀರ್ಘ ತೆಗೆಸಿ, ಇದು ಇಡೀ ನಾಟಕದ ಮುಖ್ಯಾಂಶವಾದ್ದರಿಂದ 'ಕೊಲೆಗಾರ ಅವನೇ' ಎಂಬ ಎರಡು ಪದಗಳನ್ನು ದಪ್ಪಕ್ಷರದಲ್ಲಿ ಹಾಕುವಂತೆ ಸೂಚಿಸಿದೆ. ಅಚ್ಚಿನ ಮನೆಯವರು ಒಮ್ಮೆ ನನ್ನ ಮುಖ ನೋಡಿದರು.

"ದಪ್ಪಕ್ಕೇ ಹಾಕ್ಬೇಕಾ ಮೇಡಂ?"

"ಜನಕ್ಕೆ ಎದ್ದು ಕಾಣ್ಬೇಕು."

ಎದ್ದು ಕಂಡಿತು.

ಯಾವ ಪಾತ್ರ ಯಾರದೆಂದು ಫೋಟೋ ಸಮೇತ ಅಚ್ಚಾಗಿದ್ದ ಪುಸ್ತಕ ಬಂದಮೇಲೆ ಹಂಚುವ ಕೆಲಸವನ್ನೂ ನಾನೇ ಮೈಮೇಲೆ ಹಾಕಿಕೊಂಡೆ. ಯಾರೂ ಕೇಳಿರಲಿಲ್ಲ. ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಕೊಟ್ಟೆ. ಒಂಬತ್ತನೇ ತರಗತಿಯ ಎರಡೂ ವಿಭಾಗದ ಮಕ್ಕಳ ಕೈಲಿ ಮನೆಮನೆಗೆ ಕಳಿಸಿದೆ. ಹಾಲಿನ ಬೂತಿನಲ್ಲಿ, ದೇವಸ್ಥಾನದ ಹೊರಗೆ, ಒಂದು ನಾಮಕರಣದಲ್ಲಿ ತಾಂಬೂಲದ ಜೊತೆಗೆ ಕೊಟ್ಟೆ. ಸಾಲದ್ದಕ್ಕೆ ಊರಿನ ಸಂಜೆ ಪತ್ರಿಕೆಯ ಕಚೇರಿಗೂ ಒಂದು ಪ್ರತಿ ತಲುಪಿಸಿದೆ. ಅವರಿಗೆ ಅಂದು ಸುದ್ದಿಯ ಕೊರತೆ ಇತ್ತೆಂದು ಕಾಣುತ್ತದೆ. 'ಬಾದಾಮಿ ಹಾಲು' ಪರಿಚಯವನ್ನು ನೀತಿಯ ಸಮೇತ ಪೂರ್ತಿ ಹಾಕಿದರು. ದಪ್ಪಕ್ಷರವನ್ನೂ ಉಳಿಸಿಕೊಂಡಿದ್ದರು.

ಅದಾದ ಮೂರನೆಯ ದಿನ ಸಂಜೆ ನಾಲ್ಕು ಗಂಟೆಗೆ ನಮ್ಮ ಮನೆಯ ಬಾಗಿಲಲ್ಲಿ ಖಾಕಿ ಬಟ್ಟೆ ತೊಟ್ಟ, ಹೆಗಲಿಗೆ ಚರ್ಮದ ಚೀಲ ಹಾಕಿದ ಒಬ್ಬ ಮನುಷ್ಯ ಬಂದು ನಿಂತರು. ನಲವತ್ತೈದರ ಆಸುಪಾಸು. ಮುಖ ಬಾಡಿತ್ತು.

"ಟೀಚರಮ್ಮ, ನಾನು ರೇವಣ್ಣ ಅಂತ. ನಾನೇ ಕೊಲೆಗಾರ."

ನನ್ನ ಯಜಮಾನರು ಪೇಪರ್ ಕೆಳಗಿಟ್ಟರು. ಮದುವೆಯಾದ ಮೇಲೆ ಅವರು ಪೂರ್ತಿ ಓದದೆ ಪೇಪರ್ ಕೆಳಗಿಟ್ಟದ್ದು ಅದೇ ಮೊದಲು.

ರೇವಣ್ಣ ಸಿಟಿ ಬಸ್ಸಿನ ಕಂಡಕ್ಟರ್. ಹೊಸಪರದೆ ತಂಡದಲ್ಲಿ ಹದಿನಾರು ವರ್ಷಗಳಿಂದ ಇದ್ದರು. ಕುರ್ಚಿಯ ತುದಿಯಲ್ಲಿ ಕೂತು ನಿಧಾನವಾಗಿ ಹೇಳಿದರು.

"ಅದ್ನಾರು ವರ್ಷದಲ್ಲಿ ನಂಗೆ ಸಿಕ್ಕಿರೋದು ಬರೀ ದ್ವಾರಪಾಲಕ, ಓಲೆಕಾರ. ಒಂದ್ಸಲ ಎಣ ಮಾಡಿದ್ರು. ಅದ್ರಲ್ಲೂ ಆಕ್ಷೀ ಅಂತ ಸೀನ್ಬುಟ್ಟೆ. ಈ ಸಲ ಮಹದೇವಪ್ಪೋರು ದೊಡ್ಡ ಮನಸ್ಸು ಮಾಡಿ ರಘುನಾಥನ ಪಾಲ್ಟು ಕೊಟ್ರು. ಎರಡು ಗಂಟೆ ಗಾಲಿಕುರ್ಚೀಲಿ ಕೂತಿದ್ದು ಕೊನೇಲಿ ಸಟಕ್ಕಂತ ಎದ್ದು ನಿಂತ್ಕಬೇಕು. ಅದೊಂದೇ ಟೀಚರಮ್ಮ, ನಾಟಕದಲ್ಲಿ ಇರೋದು ಅದೊಂದೇ! ಶ್ರೀರಾಂಪುರದಲ್ಲಿ ನಮ್ಮನೇಲಿ ದಿನಾ ಪ್ರಾಕ್ಟೀಸು ಮಾಡ್ತೀನಿ. ಗೊತ್ತಿದ್ರೂ ನಮ್ಮನೆಯೋಳು ದಿನಾ ಬೆಚ್ಚಿ ಬೀಳ್ತಾಳೆ."

"ಹೌದಾ," ಎಂದೆ.

"ಇವತ್ತು ಬಸ್ಸಲ್ಲಿ ಒಬ್ರು, 'ಕೊಲೆಗಾರ್ರೇ, ಕೆಸರೆಗೆ ಒಂದು ಟಿಕೆಟ್ ಕೊಡಿ' ಅಂದ್ರು. ನಾನು ಯಾರೋ ಗೊತ್ತಿರೋರು ಅಂದ್ಕಂಡೆ. ಆಮೇಲೆ ನೋಡುದ್ರೆ ಇಡೀ ಬಸ್ಸಿಗೇ ಗೊತ್ತು. ಒಂದು ಅಜ್ಜಿ ನನ್ ಕೈಯಿಂದ ಚಿಲ್ಲರೆ ಈಸ್ಕಳಕ್ಕೇ ಎದ್ರುಕೊಂಡ್ರು."

ಅವರು ಕಣ್ಣೊರೆಸಿಕೊಂಡು ಕಾಫಿ ಕುಡಿದು ಹೋದರು. ಯಜಮಾನರು ಪುಸ್ತಕ ಕೈಗೆತ್ತಿಕೊಂಡು ಮೊದಲ ಬಾರಿಗೆ ಓದಿದರು.

"ಕೊಲೆ ಮಾಡಿದೋರು ಯಾರು ಅಂತ ಬರ್ದುಬುಟ್ಟಿದೀಯಲ್ಲ ಗಿರಿಜಾ?"

"ಬರೀದೆ ಇದ್ರೆ ಅದು ಸಾರಾಂಶ ಹೇಗಾಗತ್ತೆ ರೀ?"

"ನೋಡಕ್ಕೆ ಇನ್ನೇನು ಉಳೀತು?"

ಈ ಪ್ರಶ್ನೆ ನಮ್ಮ ಪಠ್ಯಕ್ರಮದಲ್ಲಿ ಇರಲಿಲ್ಲ.

ಅಷ್ಟರಲ್ಲಿ ಮಹದೇವಪ್ಪನವರೂ ಬಂದರು. ಅವರಿಗೆ ಅಂಗಡಿಗೆ ಬಂದ ಗಿರಾಕಿಯೊಬ್ಬರು ಸುದ್ದಿ ಮುಟ್ಟಿಸಿದ್ದರಂತೆ. ಅವರು ಕೂಗಾಡುವ ಮನುಷ್ಯರಲ್ಲ. ಸೋಫಾದ ಮೇಲೆ ಕೂತು ತುಂಬ ಮೆಲ್ಲಗೆ, "ಮೇಡಂ, ಅದು ಸಸ್ಪೆನ್ಸ್ ನಾಟಕ," ಎಂದರು.

"ಅದನ್ನೂ ಬರ್ದಿದೀನಲ್ಲ. ಎರಡನೇ ಸಾಲಿನಲ್ಲಿದೆ ನೋಡಿ."

ಅವರು ನೋಡಿದರು. ಇತ್ತು. ತಲೆಯ ಮೇಲೆ ಕೈಯಿಟ್ಟುಕೊಂಡರು.

ತಪ್ಪನ್ನು ಒಪ್ಪಿಕೊಂಡು ಸುಮ್ಮನಿದ್ದಿದ್ದರೆ ಸಂಗತಿ ಅಲ್ಲಿಗೆ ನಿಲ್ಲುತ್ತಿತ್ತು. ಆದರೆ ತಪ್ಪನ್ನು ತಿದ್ದುವುದೇ ವೃತ್ತಿಯಾದ ನಾನು ಸುಮ್ಮನಿರುವುದು ಹೇಗೆ? ಮರುದಿನವೇ ದಪ್ಪನೆಯ ಕಪ್ಪು ಸ್ಕೆಚ್ ಪೆನ್ನು ಕೊಂಡುತಂದೆ. ಹಂಚದೆ ಉಳಿದ ಪುಸ್ತಕಗಳಲ್ಲಿ ಆ ಎರಡು ಸಾಲುಗಳಿಗೆ ಮಸಿ ಬಳಿದೆ. ಆಮೇಲೆ ಪೆನ್ನು ಹಿಡಿದು, ಹಂಚಿದ ಮನೆಗಳಿಗೂ ಹೊರಟೆ.

ಮೊದಲು ಪಕ್ಕದ ಮನೆಯ ಕಮಲಮ್ಮ. ಅವರು ಪುಸ್ತಕವನ್ನು ದಿನಸಿ ಚೀಟಿಗಳ ನಡುವೆ ಸಿಕ್ಕಿಸಿಟ್ಟಿದ್ದರು. ಓದಿರಲಿಲ್ಲ. ನಾನು ತೆಗೆದುಕೊಂಡು ಮಸಿ ಬಳಿದು ವಾಪಸು ಕೊಟ್ಟೆ.

"ಏನ್ ಗಿರಿಜಮ್ಮ, ಏನ್ ಅಳಿಸಿದ್ರಿ ಇದ್ರಲ್ಲಿ?"

"ಏನಿಲ್ಲ ಕಮಲಮ್ಮ. ಒಂದು ಚಿಕ್ಕ ತಪ್ಪು."

"ಚಿಕ್ಕ ತಪ್ಪಿಗೆ ಮನೆಗಂಟ ಬಂದ್ರಾ?" ಅವರು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಿಂದುಮುಂದು ತಿರುಗಿಸಿದರು. ಕನ್ನಡಕ ತಂದರು. "ರಘು... ಏನೋ ಐತೆ ಕಣಮ್ಮ ಇಲ್ಲಿ. ಹೇಳೀಪ್ಪ, ನಾನೇನು ಯಾರ್ಗಾದ್ರೂ ಹೇಳ್ತೀನಾ?"

ಬೆಳಗಿನ ಅಡುಗೆ ಮುಗಿದು ಕಮಲಮ್ಮ ಬಿಡುವಾಗಿದ್ದರು. ನಾನು ಕಾಲು ಗಂಟೆ ತಡೆದುಕೊಂಡೆ. ಆಮೇಲೆ ಹೇಳಿದೆ.

ಸಂಜೆಯ ಹೊತ್ತಿಗೆ ನಾನು ಹನ್ನೊಂದು ಮನೆಗಳಲ್ಲಿ ಮಸಿ ಬಳಿದಿದ್ದೆ. ಅವುಗಳಲ್ಲಿ ಒಂಬತ್ತು ಮನೆಯವರು ಪುಸ್ತಕ ತೆರೆದೇ ಇರಲಿಲ್ಲ. ನಾನು ಬಂದುಹೋದ ಮೇಲೆ ಹನ್ನೊಂದು ಮನೆಯವರಿಗೂ ಕೊಲೆಗಾರ ಯಾರೆಂದು ತಿಳಿದಿತ್ತು. ಮಸಿ ಬಳಿದ ಸಾಲನ್ನು ಓದದೆ ಬಿಡುವ ಮನುಷ್ಯರು ನಮ್ಮ ಬಡಾವಣೆಯಲ್ಲಿರಲಿಲ್ಲ.

ಇನ್ನು ಪತ್ರಿಕೆಯ ಓದುಗರ ಪ್ರಶ್ನೆ. ಅವರ ಮನೆಗಳಿಗೆ ಪೆನ್ನು ಹಿಡಿದು ಹೋಗಲಾಗದು. ಆದ್ದರಿಂದ ಸಂಪಾದಕರಿಗೆ ಒಂದು ತಿದ್ದುಪಡಿ ಬರೆದು ಕಳಿಸಿದೆ. ಅದಕ್ಕಾಗಿ ನನ್ನ ಜೀವನದಲ್ಲೇ ಮೊದಲ ಸಲ ಬರವಣಿಗೆಯಲ್ಲಿ ಸುಳ್ಳು ಹೇಳಬೇಕಾಯಿತು. ಕಲೆಗಾಗಿ ಹೇಳಿದೆ. ಅವರು ಅದನ್ನೂ ಹಾಕಿದರು, ಚೌಕದಲ್ಲಿ, ಮುಖಪುಟದಲ್ಲಿ.

'ತಿದ್ದುಪಡಿ: ಬಾದಾಮಿ ಹಾಲು ನಾಟಕದ ಪರಿಚಯದಲ್ಲಿ, ಗಾಲಿಕುರ್ಚಿಯಲ್ಲಿರುವ ರಘುನಾಥನೇ ಕೊಲೆಗಾರ ಎಂದು ಪ್ರಕಟವಾಗಿದ್ದು, ಅದನ್ನು ಸದರಿ ರಘುನಾಥನು ಕೊಲೆಗಾರನಲ್ಲ ಎಂದು ಓದಿಕೊಳ್ಳತಕ್ಕದ್ದು. ಪ್ರಮಾದಕ್ಕೆ ವಿಷಾದಿಸುತ್ತೇವೆ.'

ಪರಿಚಯ ಬಂದದ್ದು ಆರನೆಯ ಪುಟದಲ್ಲಿ, ಮೂಲೆಯಲ್ಲಿ. ಅದನ್ನು ಓದಿದವರು ಸ್ವಲ್ಪ ಜನ. ಮುಖಪುಟವನ್ನು ಊರೆಲ್ಲ ಓದಿತು.

ಮರುದಿನ ಸಂಜೆ ಮಹದೇವಪ್ಪನವರು ಅಂಗಡಿಯ ಮಹಡಿಗೆ ಕರೆಸಿದರು. ಎಲ್ಲ ಪಾತ್ರಧಾರಿಗಳೂ ಇದ್ದರು. ನಾನು ಜಮಖಾನದ ತುದಿಯಲ್ಲಿ ಕೂತೆ.

"ಮೇಡಂ, ಪುಸ್ತಕದಲ್ಲಿ ಇವನು ಕೊಲೆಗಾರ. ಪೇಪರಿನಲ್ಲಿ ಇವನು ಕೊಲೆಗಾರ ಅಲ್ಲ. ಈಗ ಸ್ಟೇಜ್ ಮೇಲೆ ನಾನು ಏನು ಮಾಡ್ಬೇಕು ಅಂತ ನೀವೇ ಹೇಳಿ."

ನಾನು ಯೋಚಿಸಿ, "ಕೊಲೆಗಾರನ್ನ ಬದಲಾಯಿಸಿಬಿಟ್ರೆ?" ಎಂದೆ.

ಮಹದೇವಪ್ಪನವರು ಗೋಡೆಗೆ ಒರಗಿದರು. ಆ ಮಾತು ಅವರ ಮನಸ್ಸಿನಲ್ಲೂ ಇತ್ತೆಂದು ಕಾಣುತ್ತದೆ. ಯಾರು ಯಾರನ್ನು ಕೊಲೆಗಾರ ಮಾಡಬಹುದೆಂದು ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಡಾಕ್ಟರ್ ಪಾತ್ರದ ಸತೀಶ ಮಾತ್ರ ಸುಮ್ಮನಿದ್ದರು. ಅವರು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವ ಬಹಳ ನಾಚಿಕೆಯ ಯುವಕ. ಎರಡೇ ಮಾತು ಎಂಬ ಷರತ್ತಿನ ಮೇಲೆ ತಂಡಕ್ಕೆ ಬಂದವರು. ಮೊದಲ ಅಂಕದಲ್ಲಿ 'ನಾಡಿ ನಿಂತಿದೆ' ಅನ್ನಬೇಕು. ಕೊನೆಯ ಅಂಕದಲ್ಲಿ, ರಘುನಾಥ ಸಿಕ್ಕಿಬಿದ್ದ ಮೇಲೆ, 'ನಾನು ಹೊರಡುತ್ತೇನೆ' ಅನ್ನಬೇಕು. ಅಷ್ಟೇ.

ಗದ್ದಲದ ನಡುವೆ ರೇವಣ್ಣ ಎದ್ದು ನಿಂತರು.

"ಅದ್ನಾರು ವರ್ಷಕ್ಕೆ ಒಂದು ಕೊಲೆ ಸಿಕ್ಕೈತೆ ಸಾರ್. ಅದ್ನೂ ಕಿತ್ಕತೀರಾ?"

ಕೆಳಗಡೆ ಅಂಗಡಿಯಲ್ಲಿ ಬಟ್ಟೆ ಹರಿಯುವ ಸದ್ದು ಕೇಳಿಸುತ್ತಿತ್ತು.

"ಜನಕ್ಕೆ ಗೊತ್ತಿದ್ರೆ ಗೊತ್ತಿರ್ಲಿ ಬುಡಿ," ಎಂದರು ರೇವಣ್ಣ. "ನಾನು ಎದ್ದು ನಿಲ್ಲೋ ರೀತೀಲಿ ನಿಂತ್ರೆ ಗೊತ್ತಿರೋರೂ ಬೆಚ್ಚಿ ಬೀಳ್ತಾರೆ. ನೀವು ನೋಡ್ತಿರಿ."

ನಾಟಕ ಇದ್ದ ಹಾಗೇ ಆಡುವುದೆಂದು ತೀರ್ಮಾನವಾಯಿತು. ನಾನು ಮನೆಗೆ ಬರುವಾಗ ದಾರಿಯುದ್ದಕ್ಕೂ ತಲೆ ತಗ್ಗಿಸಿಕೊಂಡೇ ಬಂದೆ.

ರಂಗಋತುವಿನ ಮೊದಲ ಭಾನುವಾರ ಸಂಜೆ ಸಭಾಂಗಣ ತುಂಬಿಹೋಗಿತ್ತು. ಹೊಸಪರದೆಯ ಇತಿಹಾಸದಲ್ಲೇ ಅಂಥ ಜನ ಸೇರಿರಲಿಲ್ಲ. ಕಾರಣ ತಿಳಿಯಲು ಹೊತ್ತಾಗಲಿಲ್ಲ. ಬಂದವರೆಲ್ಲ ಎರಡು ಪಕ್ಷವಾಗಿದ್ದರು. ಪುಸ್ತಕ ಓದಿದವರದು ಒಂದು ಪಕ್ಷ, ತಿದ್ದುಪಡಿ ಓದಿದವರದು ಇನ್ನೊಂದು. ನಾಟಕ ಶುರುವಾಗುವ ಮೊದಲೇ ನನ್ನ ಹಿಂದಿನ ಸಾಲಿನಲ್ಲಿ ಇಬ್ಬರು ಹಿರಿಯರು ಜೋರಾಗಿ ವಾದ ಮಾಡುತ್ತಿದ್ದರು.

"ಅಚ್ಚಾಗಿರೋ ಪುಸ್ತಕದಲ್ಲಿ ಐತೆ ಕಣ್ರೀ, ಅವನೇ ಅಂತ!"

"ಅದಕ್ಕೇ ಅಲ್ವೇನ್ರೀ ತಿದ್ದುಪಡಿ ಕೊಟ್ಟಿರೋದು? ಪೇಪರ್ನೋರು ಸುಮ್ಸುಮ್ನೆ ಮುಖಪುಟದಲ್ಲಿ ಹಾಕ್ತಾರಾ?"

ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

ಪರದೆ ಎದ್ದಿತು. ಶ್ರೀಮಂತ ಹಾಲು ಕುಡಿದ, ಸತ್ತ. ಸತೀಶ ಬಂದು 'ನಾಡಿ ನಿಂತಿದೆ' ಎಂದು ಹೇಳಿ ಬೆವರೊರೆಸಿಕೊಂಡರು. ಗಾಲಿಕುರ್ಚಿಯಲ್ಲಿ ರೇವಣ್ಣ ಪ್ರವೇಶಿಸಿದರು. ಸೊಂಟದಿಂದ ಕಾಲಿನವರೆಗೆ ಕಂಬಳಿ ಹೊದಿಸಿತ್ತು. ಮುಖದಲ್ಲಿ ಎಂಥ ದೈನ್ಯ! ನಿಜಕ್ಕೂ ಚೆನ್ನಾಗಿ ಮಾಡುತ್ತಿದ್ದರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಕಮಲಮ್ಮನ ಧ್ವನಿ ಕೇಳಿಸಿತು.

"ಇವನೇ ಕಣಮ್ಮ!"

ಅಲ್ಲಿಂದ ಮುಂದೆ ರೇವಣ್ಣ ಬಾಯಿ ತೆರೆದಾಗಲೆಲ್ಲ ಯಾರಾದರೂ ಏನಾದರೂ ಹೇಳುತ್ತಿದ್ದರು. "ಸಾಕು ಎದ್ದೇಳಪ್ಪ, ಕಾಲು ನೋಯಲ್ವಾ?" ಎಂದು ಒಬ್ಬರು. "ಪಾಪ, ಅವರನ್ನ ಯಾಕ್ರೀ ಅಂತೀರಿ, ತಿದ್ದುಪಡಿ ನೋಡಿಲ್ವಾ?" ಎಂದು ಇನ್ನೊಬ್ಬರು. ಅತ್ತಿಗೆ ಪಾತ್ರದವರು ಅಳುವ ದೃಶ್ಯದಲ್ಲಿ ರೇವಣ್ಣನ ಒಂದು ಕಾಲು ಸ್ವಲ್ಪ ಅಲುಗಿತು. ಪುಸ್ತಕ ಪಕ್ಷದವರು ಚಪ್ಪಾಳೆ ಹೊಡೆದರು!

ಮಧ್ಯಂತರದಲ್ಲಿ ನನಗೆ ತಡೆಯಲಾಗಲಿಲ್ಲ. ಪರದೆಯ ಹಿಂದಕ್ಕೆ ಓಡಿದೆ. ರೇವಣ್ಣ ಕುರ್ಚಿಯಲ್ಲೇ ಕೂತಿದ್ದರು. ಇನ್‌ಸ್ಪೆಕ್ಟರ್ ಪಾತ್ರಕ್ಕೆ ಮೀಸೆ ಅಂಟಿಸಿಕೊಳ್ಳುತ್ತಿದ್ದ ಮಹದೇವಪ್ಪನವರು ನನ್ನನ್ನು ನೋಡಿದರೂ ನೋಡದ ಹಾಗಿದ್ದರು.

"ರೇವಣ್ಣೋರೇ, ಎದ್ದು ಸ್ವಲ್ಪ ಓಡಾಡ್ತೀರಾ?" ಎಂದು ಯಾರೋ ಕೇಳಿದರು.

ಆಗ ನಾನು ಬಾಯಿ ಹಾಕಿದೆ. "ಬೇಡ ಬೇಡ! ಪರದೆ ಸಂದೀಲಿ ಜನ ನೋಡ್ತಿದಾರೆ. ರೇವಣ್ಣೋರೇ, ಒಂದು ಮಾತು ಕೇಳಿ. ಇನ್ನು ಕೊನೇವರೆಗೂ ಕಾಲನ್ನ ಒಂಚೂರೂ ಅಲ್ಲಾಡಿಸ್ಬೇಡಿ. ಆಗ ಪುಸ್ತಕ ಓದಿದೋರಿಗೂ ಅನುಮಾನ ಬರತ್ತೆ, ಇವನು ನಿಜವಾಗ್ಲೂ ನಡೆಯಲಾರ ಅಂತ. ಆಮೇಲೆ ನೀವು ಎದ್ದಾಗ ನೋಡಿ!"

ರೇವಣ್ಣನ ಕಣ್ಣು ಹೊಳೆಯಿತು. "ಅಂಗಂತೀರಾ ಟೀಚರಮ್ಮ?"

"ಹೌದು." ನಾನೇ ಬಗ್ಗಿ ಆ ಕಂಬಳಿಯನ್ನು ಎರಡೂ ಕಡೆಯಿಂದ ಎಳೆದು, ಕಾಲುಗಳ ಕೆಳಗೆ ಸಿಕ್ಕಿಸಿ, ಮಗುವನ್ನು ಸುತ್ತುವ ಹಾಗೆ ಬಿಗಿಯಾಗಿ ಸುತ್ತಿದೆ. ಇಷ್ಟಾದರೂ ಪ್ರಾಯಶ್ಚಿತ್ತ ಮಾಡಿಕೊಂಡೆನಲ್ಲ ಎಂಬ ಸಮಾಧಾನದಿಂದ ಬಂದು ಕೂತೆ.

ದ್ವಿತೀಯಾರ್ಧದಲ್ಲಿ ರೇವಣ್ಣನ ಕಾಲು ಕೂದಲೆಳೆಯಷ್ಟೂ ಅಲುಗಲಿಲ್ಲ. ಸಭೆ ಮೆಲ್ಲಮೆಲ್ಲಗೆ ಮೌನವಾಯಿತು. ನನ್ನ ಹಿಂದಿನವರು, "ಏನೋ ಡೌಟು ಬತ್ತಾ ಐತೆ ಕಣ್ರೀ," ಎಂದದ್ದು ನನ್ನ ಕಿವಿಗೆ ಸಂಗೀತದಂತೆ ಕೇಳಿತು. ನನ್ನ ಉಪಾಯ ಫಲಿಸುತ್ತಿತ್ತು!

ಕೊನೆಯ ದೃಶ್ಯ. ಇನ್‌ಸ್ಪೆಕ್ಟರ್ ಮಹದೇವಪ್ಪನವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಂದೊಂದೇ ಸುಳಿವು ಬಿಡಿಸಿ, ಕೊನೆಗೆ ಗಾಲಿಕುರ್ಚಿಯ ಕಡೆ ಬೆರಳು ತೋರಿಸಿದರು.

"ನಿನ್ನ ನಾಟಕ ಸಾಕು ರಘುನಾಥ. ಎದ್ದು ನಿಲ್ಲು!"

ಇಡೀ ಸಭಾಂಗಣ ಉಸಿರು ಬಿಗಿ ಹಿಡಿಯಿತು. ರೇವಣ್ಣ ಕುರ್ಚಿಯ ಎರಡೂ ಕೈಗಳನ್ನು ಹಿಡಿದು ಮೇಲೆದ್ದರು. ಅರ್ಧ ಅಡಿ ಎದ್ದು, ಹಾಗೇ ಕೂತುಬಿಟ್ಟರು.

ಎರಡೂ ಕಾಲಿಗೆ ಜೋಮು ಹಿಡಿದಿತ್ತು. ಇಪ್ಪತ್ತು ವರ್ಷ ಬಸ್ಸಿನಲ್ಲಿ ನಿಂತೇ ಕೆಲಸ ಮಾಡಿದ ಮನುಷ್ಯ ಒಂದೇ ಸಮನೆ ಎರಡು ಗಂಟೆ ಕೂತದ್ದು ಅದೇ ಮೊದಲು. ಅದರ ಮೇಲೆ ನನ್ನ ಕಂಬಳಿ.

"ಎದ್ದು ನಿಲ್ಲು ಅಂದೆ!" ಮಹದೇವಪ್ಪನವರ ಧ್ವನಿಯಲ್ಲಿ ಇನ್‌ಸ್ಪೆಕ್ಟರ್ ಸ್ವಲ್ಪ ಕಡಿಮೆಯಾಗಿ ಅಂಗಡಿಯ ಮಾಲೀಕರು ಕಾಣಿಸಿಕೊಂಡರು.

ರೇವಣ್ಣ ಮತ್ತೆ ಪ್ರಯತ್ನಿಸಿದರು. ಮುಖ ಕೆಂಪಾಯಿತು. ಕತ್ತಿನ ನರ ಉಬ್ಬಿತು. ಕಣ್ಣಲ್ಲಿ ನೀರು ತುಂಬಿತು. "ಆಗ್ತಿಲ್ಲ ಸಾಹೇಬ್ರೇ," ಎಂದರು. ಆ ಮಾತು ಯಾವ ನಾಟಕದ ಹಸ್ತಪ್ರತಿಯಲ್ಲೂ ಇರಲಿಲ್ಲ. "ದೇವ್ರಾಣೆ ಏಳಕ್ಕಾಯ್ತಿಲ್ಲ."

ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. "ಪಾಪ, ಬುಡ್ರೀ ಅವ್ನ! ಕಾಲಿಲ್ದೋನ ಮೇಲೆ ಜೋರು ಮಾಡ್ತೀರಲ್ಲ, ನಾಚ್ಕೆ ಆಗಲ್ವಾ?" ಎಂದು ಕಮಲಮ್ಮ ಎದ್ದು ನಿಂತು ಇನ್‌ಸ್ಪೆಕ್ಟರಿಗೆ ಬೈದರು.

ವೇದಿಕೆಯ ಮೇಲೆ ಎಲ್ಲರೂ ಕಲ್ಲಾದರು. ಮಹದೇವಪ್ಪನವರು ಬಾಯಿ ತೆರೆದು ನಿಂತಿದ್ದರು. ಆ ಭಯಂಕರ ಮೌನವನ್ನು ಸತೀಶ ತಮ್ಮ ಸರದಿಯೆಂದು ತಿಳಿದರು. ರಘುನಾಥನ ವಿಷಯ ಮುಗಿಯಿತು, ಇನ್ನು ತನ್ನ ಎರಡನೆಯ ಮಾತು.

"ನಾನು ಹೊರಡುತ್ತೇನೆ," ಎಂದರು.

ಮಹದೇವಪ್ಪನವರು ಗಿರಕ್ಕನೆ ತಿರುಗಿದರು. ಮುಳುಗುತ್ತಿದ್ದವರಿಗೆ ಕೈಗೆ ಏನೋ ಸಿಕ್ಕಿತ್ತು.

"ಎಲ್ಲಿಗೆ ಹೊರಟಿರಿ ಡಾಕ್ಟರೇ?"

"ಆಂ?"

"ವಿಷ ಯಾರ ಹತ್ತಿರ ಇರುತ್ತೆ? ಡಾಕ್ಟರ ಹತ್ತಿರ! ಕಾನ್‌ಸ್ಟೇಬಲ್, ಕೋಳ ಹಾಕು!"

"ನಾನಾ?" ಸತೀಶ ಎರಡು ಹೆಜ್ಜೆ ಹಿಂದಕ್ಕೆ ಹೋದರು. "ಸಾರ್, ನಾನಲ್ಲ ಸಾರ್! ನಂಗೆ ಎರಡೇ ಮಾತು ಸಾರ್!"

ಪರದೆ ಬಿತ್ತು. ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ತಿದ್ದುಪಡಿ ಪಕ್ಷದವರು ಪುಸ್ತಕ ಪಕ್ಷದವರ ಬೆನ್ನು ತಟ್ಟಿ ನಗುತ್ತಿದ್ದರು. ಸಿಕ್ಕಿಬಿದ್ದ ಕೊಲೆಗಾರನ ದಿಗ್ಭ್ರಮೆಯನ್ನು ಇಷ್ಟು ಸಹಜವಾಗಿ ಯಾರೂ ಅಭಿನಯಿಸಿಲ್ಲ ಎಂದು ನನ್ನ ಹಿಂದಿನ ಹಿರಿಯರು ಒಪ್ಪಿಕೊಂಡರು. ಸತೀಶ ಮಾತ್ರ ಮರುದಿನ ತಂಡಕ್ಕೆ ರಾಜೀನಾಮೆ ಕೊಟ್ಟರು.

ಜನ ಕರಗಿದ ಮೇಲೆ ನಾನೂ ಯಜಮಾನರೂ ಪರದೆಯ ಹಿಂದಕ್ಕೆ ಹೋದೆವು. ರೇವಣ್ಣ ಇನ್ನೂ ಕುರ್ಚಿಯಲ್ಲೇ ಇದ್ದರು. ಅವರ ಹೆಂಡತಿ ಅವರ ಪಾದ ತಿಕ್ಕುತ್ತಿದ್ದರು. ಶ್ರೀರಾಂಪುರದಿಂದ ಒಳ್ಳೆ ಸೀರೆ ಉಟ್ಟುಕೊಂಡು ಬಂದಿದ್ದ ಆಕೆ, "ಯಾಕೆ ಏಳ್ನಿಲ್ಲ ನೀವು?" ಎಂದು ಕೇಳಿದರು.

"ಏಳಕ್ಕಾಗ್ನಿಲ್ಲ ಕಣೇ."

"ಎಲ್ರೂ ನಿಮ್ಮನ್ನೇ ಒಗಳ್ತಾವ್ರೆ."

"ಒಗಳ್ತಾರೆ. ಪಾಪ, ಮುಗ್ಧ, ಅಂತಾರೆ." ರೇವಣ್ಣ ನೆಲ ನೋಡಿದರು. "ಒಂದ್ಸಲ ಎದ್ದಿದ್ರೆ ಸಾಕಾಗಿತ್ತು."

ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಯಜಮಾನರು ಮುಂದೆ ಬಂದರು.

"ರೇವಣ್ಣ, ಈಗ ಕಾಲು ಹೆಂಗಿದೆ?"

"ಸರಿ ಓಯ್ತು ಸಾರ್."

"ಹಂಗಾದ್ರೆ ಈಗ ಎದ್ದು ನಿಲ್ಲಿ. ನಾವು ನೋಡ್ತೀವಿ."

ರೇವಣ್ಣ ಅವರ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. ಮಹದೇವಪ್ಪನವರು ಕಿತ್ತಿದ್ದ ಮೀಸೆಯನ್ನು ಮತ್ತೆ ಅಂಟಿಸಿಕೊಂಡು ಬೆಳಕಿಗೆ ಬಂದು ನಿಂತರು. "ನಿನ್ನ ನಾಟಕ ಸಾಕು ರಘುನಾಥ. ಎದ್ದು ನಿಲ್ಲು!"

ರೇ‌ವಣ್ಣ ತಲೆ ತಗ್ಗಿಸಿದರು. ಆಮೇಲೆ ಕಂಬಳಿ ಜಾರಿತು. ಅವರು ನಿಂತಿದ್ದರು. ಯಾವಾಗ ಎದ್ದರೆಂದೇ ತಿಳಿಯಲಿಲ್ಲ. ಆ ದೈನ್ಯದ ಮುಖ ಹೋಗಿ ಬೇರೊಬ್ಬ ಮನುಷ್ಯ ನಮ್ಮನ್ನು ನೋಡಿ ತಣ್ಣಗೆ ನಗುತ್ತಿದ್ದ. ಎರಡು ಸಲ ಓದಿ, ಸಾರಾಂಶ ಬರೆದು, ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ ನಾನು ಬೆಚ್ಚಿ ಯಜಮಾನರ ತೋಳು ಹಿಡಿದುಕೊಂಡೆ.

ಮೂರು ಜನ ಚಪ್ಪಾಳೆ ತಟ್ಟಿದೆವು. ಅವರ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದರಿಂದ ಕೈ ಬಿಡುವಿರಲಿಲ್ಲ.

ಮರುದಿನದಿಂದ ನನ್ನ ಕಥೆ ಬೇರೆಯಾಯಿತು. "ನಂಗೆ ಅವನೇ ಅಂತ ಬಾಯ್ಬುಟ್ಟು ಹೇಳಿದ್ರಲ್ಲ ಗಿರಿಜಮ್ಮ, ಸುಳ್ಳಾಯ್ತು ನೋಡಿ," ಎಂದು ಕಮಲಮ್ಮ ಕಾಂಪೌಂಡಿನಾಚೆಯಿಂದ ದೂರಿದರು. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು, "ಮಿಸ್, ನೀವು ನಾಟಕ ಪೂರ್ತಿ ಓದಿರ್ಲಿಲ್ವಾ?" ಎಂದು ಬಹಳ ವಿನಯದಿಂದ ಕೇಳಿದಳು. ಮುಖ್ಯೋಪಾಧ್ಯಾಯಿನಿಯವರು ಆ ವರ್ಷದ ಶಾಲಾ ವಾರ್ಷಿಕ ವರದಿ ಬರೆಯುವ ಕೆಲಸವನ್ನು ವಿಜ್ಞಾನದ ಟೀಚರಿಗೆ ವಹಿಸಿದರು. ನಾನು ಬರೆದದ್ದೇ ಸರಿ, ಆಡಿದ್ದೇ ತಪ್ಪು ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ರೇವಣ್ಣನ ಹೊಗಳಿಕೆ ಹೋಗುತ್ತಿತ್ತು. ಅವರಿಗೆ ಈಗ ಬಸ್ಸಿನಲ್ಲಿ ಜನ ಎದ್ದು ಸೀಟು ಬಿಟ್ಟುಕೊಡುತ್ತಿದ್ದರಂತೆ.

ಎರಡನೆಯ ನಾಟಕಕ್ಕೆ ಹೊಸ ಕರಪತ್ರ ಬಂತು. ಹೆಸರು, ದಿನ, ಹೊತ್ತು, ಸ್ಥಳ, ಇಷ್ಟೇ. ಬರೆದುಕೊಟ್ಟವರು ನಮ್ಮ ಯಜಮಾನರು. ಮಹದೇವಪ್ಪನವರು ಅದನ್ನು ಮೂರು ಸಲ ಓದಿದರಂತೆ.

ನಾನು ಆ ನಾಟಕಕ್ಕೂ ಹೋದೆ; ಕೊನೆಯ ಸಾಲಿನಲ್ಲಿ, ಕಂಬದ ಪಕ್ಕ ಕೂತೆ. ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಹೆಂಗಸು ಕೂತಿದ್ದರು. ನನ್ನ ಕೈಯಲ್ಲಿದ್ದ ಹಳೆಯ ಪುಸ್ತಕ ನೋಡಿ ಹತ್ತಿರಕ್ಕೆ ಬಾಗಿದರು.

"ಅದನ್ನ ನಂಬಬೇಡೀಮ್ಮ. ಬರೀ ಸುಳ್ಳು ಬರ್ದಿದಾರೆ. ಯಾರೋ ಕನ್ನಡ ಟೀಚರಂತೆ. ಓದಿದ್ದು ಅರ್ಥವಾಗ್ದೇನೇ ಬರ್ದುಬುಟ್ಟಿದಾರೆ."

"ಹೌದಾ?" ಎಂದೆ.

"ಇಂಥೋರೆಲ್ಲ ಮಕ್ಕಳಿಗೆ ಏನ್ ಪಾಠ ಹೇಳ್ತಾರೋ! ನೀವೇನ್ ಮಾಡ್ಕೊಂಡಿದೀರಿ?"

"ನಾನೂ ಟೀಚರೇ."

"ಓ! ಯಾವ ಸಬ್ಜೆಕ್ಟು?"

"ಗಣಿತ," ಎಂದೆ.